ದೊಡ್ಡ ಸಂಖ್ಯೆಗಳ ಹೆಸರುಗಳು ಮತ್ತು ನುಡಿಗಟ್ಟುಗಳು

ಸಾವಿರದಿಂದ ಮೇಲಿನ ಎಣಿಕೆಗೆ ಭಾಷೆಗಳು ಇಟ್ಟುಕೊಂಡಿರುವ ಹೆಸರುಗಳು ಮತ್ತು ಆ ಹೆಸರುಗಳಿಂದ ಹುಟ್ಟಿದ ಮಾತುಗಳು ಈ ಲೇಖನದ ವಿಷಯ. ಒಂದರಿಂದ ನೂರರವರೆಗಿನ ಹೆಸರುಗಳನ್ನು ದಿನದ ಬದುಕು ಹುಟ್ಟಿಸಿತು. ಕುರಿ ಎಣಿಸಲು, ಸೇರು ಅಳೆಯಲು ಅಷ್ಟು ಸಾಕಿತ್ತು. ಸಾವಿರ ದಾಟಿದ ಮೇಲೆ ಹೆಸರು ಬೇಕಾದದ್ದು ಅರಸನ ಕಂದಾಯಕ್ಕೆ, ವರ್ತಕನ ಕಡತಕ್ಕೆ, ದೇವರ ಮಹಿಮೆಗೆ, ಜೋಯಿಸನ ಲೆಕ್ಕಕ್ಕೆ. ಆದ್ದರಿಂದಲೇ ಈ ಹೆಸರುಗಳು ಭಾಷೆಯಿಂದ ಭಾಷೆಗೆ ಎರವಲಾಗಿ ಹೋಗಿವೆ, ಹೋದಲ್ಲಿ ಬೆಲೆಯನ್ನೂ ಬದಲಾಯಿಸಿಕೊಂಡಿವೆ.

ಅಂಕಿ ಎಲ್ಲ ಕಡೆಯೂ ಒಂದೇ. ಅಂಕಿಗಳ ಉದ್ದನೆಯ ಸಾಲನ್ನು ಎಲ್ಲಿ ಕಡಿಯಬೇಕು ಎಂಬಲ್ಲಿ ಮಾತ್ರ ಭಾಷೆಗಳು ಒಂದೊಂದು ದಾರಿ ಹಿಡಿಯುತ್ತವೆ. ಇಂಗ್ಲಿಷ್ ಮೂರು ಮೂರು ಸ್ಥಾನಕ್ಕೆ ಕಡಿಯುತ್ತದೆ, ಜಪಾನಿ ನಾಲ್ಕು ನಾಲ್ಕಕ್ಕೆ. ಕನ್ನಡ, ತಮಿಳು, ಹಿಂದಿ ಮೊದಲ ಮೂರನ್ನು ಬಿಟ್ಟು ಆಮೇಲೆ ಎರಡೆರಡಕ್ಕೆ ಕಡಿಯುತ್ತವೆ. ಕಡಿದ ಜಾಗದಲ್ಲಿ ಹೆಸರು ನಿಲ್ಲುತ್ತದೆ, ಹೆಸರು ನಿಂತಲ್ಲಿ ನುಡಿಗಟ್ಟು ಬೆಳೆಯುತ್ತದೆ.

ಅಣ್ಣಾ ನಗರ್‌ನಲ್ಲಿ ಮೂರು ಲೆಕ್ಕ

ಈ ಮೂರು ಕ್ರಮಗಳೂ ಒಂದೇ ಕಡೆ ಕೂಡಿದ್ದನ್ನು ನೋಡಬೇಕಾದರೆ ಚೆನ್ನೈನ ಅಣ್ಣಾ ನಗರ್ ಒಳ್ಳೆಯ ಉದಾಹರಣೆ. 1968ರಲ್ಲಿ ಇಲ್ಲಿ ಅಂತರರಾಷ್ಟ್ರೀಯ ವ್ಯಾಪಾರ ಮತ್ತು ಕೈಗಾರಿಕಾ ಮೇಳ ನಡೆಯಿತು. ಆ ಹೊತ್ತಿಗೆ ಎದ್ದು ನಿಂತ 135 ಅಡಿ ಎತ್ತರದ ಗೋಪುರಕ್ಕೆ ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿಟ್ಟರು. ಊರಿನವರ ಬಾಯಲ್ಲಿ ಅದು ಬರೀ ‘ಟವರ್’, ಸುತ್ತಲಿನ ಉದ್ಯಾನ ‘ಟವರ್ ಪಾರ್ಕ್’. ಕನ್ನಡಿಗರೊಬ್ಬರ ಹೆಸರು ಅದಕ್ಕಿದೆ ಎಂಬುದು ಅಲ್ಲಿ ದಿನಾ ವಾಕಿಂಗ್ ಹೋಗುವ ಕನ್ನಡಿಗರಲ್ಲೂ ಎಲ್ಲರಿಗೂ ತಿಳಿದಂತಿಲ್ಲ. 1934ರ ತಮ್ಮ ಪುಸ್ತಕದಲ್ಲಿ ದೇಶದ ಆದಾಯವನ್ನು ಹತ್ತು ವರ್ಷದಲ್ಲಿ ಇಮ್ಮಡಿ ಮಾಡುವ ಯೋಜನೆಯನ್ನು ಮುಂದಿಟ್ಟವರು ವಿಶ್ವೇಶ್ವರಯ್ಯ. ಇಂಗ್ಲಿಷಿನಲ್ಲಿ ಬರೆದರೂ ಅವರ ಕಾಲದ ಭಾರತೀಯ ಅರ್ಥಶಾಸ್ತ್ರ ಲೆಕ್ಕ ಹಾಕುತ್ತಿದ್ದದ್ದು ಕೋಟಿಗಳಲ್ಲೇ.

ಟವರಿನ ಹತ್ತಿರವೇ ಇಂದು ನೆಲದಡಿಯಲ್ಲಿ ಮೆಟ್ರೋ ನಿಲ್ದಾಣವಿದೆ. ಚೆನ್ನೈ ಮೆಟ್ರೋದ ಮೊದಲ ಸುರಂಗ ಮಾರ್ಗ ತಿರುಮಂಗಲಂನಿಂದ ಅಣ್ಣಾ ನಗರ್ ಟವರ್, ಅಣ್ಣಾ ನಗರ್ ಈಸ್ಟ್ ಹಾದು ನೆಹರು ಪಾರ್ಕ್ ತಲುಪುತ್ತದೆ. ಅದು ತೆರೆದದ್ದು 2017ರ ಮೇ 14ರಂದು. ಈ ಮೆಟ್ರೋಗೆ ಜಪಾನಿನ ಅಂತರರಾಷ್ಟ್ರೀಯ ಸಹಕಾರ ಸಂಸ್ಥೆ ಜೈಕಾ ಸಾಲ ಕೊಟ್ಟಿತು. 2008ರ ಮೊದಲ ಒಪ್ಪಂದದ ಮೊತ್ತ ಇಂಗ್ಲಿಷ್ ಕಾಗದದಲ್ಲಿ 21,751 ಮಿಲಿಯನ್ ಯೆನ್. ಅದನ್ನೇ ಜಪಾನಿಯಲ್ಲಿ ಬರೆದರೆ 217 ಓಕು 5,100 ಮಾನ್ ಯೆನ್ (ಮಾನ್ ಎಂದರೆ ಹತ್ತು ಸಾವಿರ, ಓಕು ಎಂದರೆ ಹತ್ತು ಕೋಟಿ). ಚೆನ್ನೈನ ಅಧಿಕಾರಿ ತನ್ನ ಕಡತದಲ್ಲಿ ಟಿಪ್ಪಣಿ ಮಾಡಿಕೊಂಡರೆ 2,175 ಕೋಟಿ 10 ಲಕ್ಷ ಯೆನ್. ಹಣ ಒಂದೇ, ನಿಲ್ದಾಣ ಒಂದೇ, ಬಾಯಲ್ಲಿ ಬರುವ ಮೊದಲ ಅಂಕಿ ಮಾತ್ರ ಮೂವರದ್ದೂ ಬೇರೆ. ಬೆಂಗಳೂರಿನ ನಮ್ಮ ಮೆಟ್ರೋ ಕಥೆಯೂ ಇದೇ. 2006ರಲ್ಲಿ ಅದಕ್ಕೆ ಬಂದ 44,704 ಮಿಲಿಯನ್ ಯೆನ್ ಸಾಲ ಟೋಕಿಯೋದಲ್ಲಿ 447 ಓಕು 400 ಮಾನ್, ವಿಧಾನಸೌಧದಲ್ಲಿ 4,470 ಕೋಟಿ 40 ಲಕ್ಷ.

ಅಣ್ಣಾ ನಗರ್ ಸೇರಿದ ಕನ್ನಡ ಮನೆಯವರಿಗೆ ತಮಿಳಿನ ಎಣಿಕೆ ಕಷ್ಟವಾಗುವುದಿಲ್ಲ. ನೂರು ಅಲ್ಲೂ ನೂರೇ. ಲಕ್ಷ ‘ಲಟ್ಚಂ’ ಆಗುತ್ತದೆ, ಕೋಟಿ ‘ಕೋಡಿ’ ಆಗುತ್ತದೆ. ತಡವರಿಸುವುದು ‘ಆಯಿರಂ’ ಎಂಬಲ್ಲಿ. ಕೇಳಲು ಅಚ್ಚ ತಮಿಳೆನಿಸಿದರೂ ಅದೂ ನಮ್ಮ ಸಾವಿರವೂ ಸಂಸ್ಕೃತದ ‘ಸಹಸ್ರ’ದಿಂದಲೇ ಸವೆದು ಬಂದವು. ಹಳಗನ್ನಡದ ‘ಸಾಸಿರ’ ನಡುವಿನ ಮೆಟ್ಟಿಲು. ಸಾವಿರಕ್ಕೆ ಸ್ವಂತ ಪದ ಉಳಿಸಿಕೊಂಡದ್ದು ತೆಲುಗು ಮಾತ್ರ, ಅದರ ‘ವೇಯಿ’ ಯಾರಿಂದಲೂ ತಂದದ್ದಲ್ಲ. ತಮಿಳಿನಲ್ಲಿ ಕೋಡಿ ಎಂದರೆ ತುದಿಯೂ ಹೌದು. ‘ತೆರುಕ್ಕೋಡಿ’ಯ ಅಂಗಡಿ ಎಂದರೆ ಬೀದಿಯ ಕೊನೆಯ ಅಂಗಡಿ, ಕೋಟಿ ಬೆಲೆಯದಲ್ಲ.

ಒಂದೇ ಸಂಖ್ಯೆಯ ಮೂರು ಓದು

123456789 ಎಂಬ ಸಂಖ್ಯೆಯನ್ನು ತೆಗೆದುಕೊಳ್ಳಿ. ಕನ್ನಡದಲ್ಲಿ ಅದು 12,34,56,789. ಓದುವುದು ಹನ್ನೆರಡು ಕೋಟಿ ಮೂವತ್ತನಾಲ್ಕು ಲಕ್ಷದ ಐವತ್ತಾರು ಸಾವಿರದ ಏಳುನೂರ ಎಂಬತ್ತೊಂಬತ್ತು. ಇಂಗ್ಲಿಷಿನಲ್ಲಿ 123,456,789, ಅಂದರೆ ನೂರ ಇಪ್ಪತ್ತಮೂರು ಮಿಲಿಯನ್ನಿನಿಂದ ಶುರು. ಜಪಾನಿಯಲ್ಲಿ ಓದುವಾಗ ಒಂದು ಓಕು, 2,345 ಮಾನ್, 6,789.

ಇದರಲ್ಲೊಂದು ತಮಾಷೆಯಿದೆ. ಜಪಾನೀಯರು ನಾಲ್ಕಕ್ಕೊಮ್ಮೆ ಕಡಿದು ಮಾತಾಡಿದರೂ ಲೆಕ್ಕದ ಪುಸ್ತಕದಲ್ಲಿ ಅಲ್ಪವಿರಾಮ ಹಾಕುವುದು ಇಂಗ್ಲಿಷಿನಂತೆ ಮೂರಕ್ಕೊಮ್ಮೆ. ಕಣ್ಣು ಒಂದು ಕಡೆ ಕಡಿಯುತ್ತದೆ, ಬಾಯಿ ಇನ್ನೊಂದು ಕಡೆ. ಆದ್ದರಿಂದ ಅಲ್ಲಿನ ಪತ್ರಿಕೆಗಳು ದೊಡ್ಡ ಮೊತ್ತ ಬಂದಾಗ ಅಲ್ಪವಿರಾಮದ ಸಹವಾಸವೇ ಬೇಡವೆಂದು ಅಂಕಿಗಳ ನಡುವೆ ಓಕು, ಮಾನ್ ಎಂಬ ಅಕ್ಷರಗಳನ್ನೇ ಸೇರಿಸಿ ಅಚ್ಚು ಹಾಕುತ್ತವೆ. ಈ ವಿಷಯದಲ್ಲಿ ನಾವು ಪುಣ್ಯವಂತರು, ನಮ್ಮ ಅಲ್ಪವಿರಾಮ ಬಾಯಿಯ ಹಿಂದೆಯೇ ನಡೆಯುತ್ತದೆ. ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳಲ್ಲಿ ಮಾತ್ರ ಕಂಪ್ಯೂಟರ್ ಹಾಳೆಯು ಮೂರಕ್ಕೊಮ್ಮೆ ವಿರಾಮ ಹಾಕಿ, ಎದುರು ಕೂತವರು ಬೆರಳು ಮಡಿಸಿ ಲಕ್ಷಕ್ಕೆ ಇಳಿಸಿಕೊಳ್ಳುವುದು ದಿನದ ನೋಟ.

ಮೂರು ಕ್ರಮಗಳ ಹೆಸರುಗಳು ಒಟ್ಟಿಗೆ ಬಂದು ನಿಲ್ಲುವುದು ಒಂದರ ಮುಂದೆ ಹನ್ನೆರಡು ಸೊನ್ನೆ ಇಟ್ಟಾಗ. ಹನ್ನೆರಡು ಎಂಬುದು ಮೂರರಿಂದಲೂ ನಾಲ್ಕರಿಂದಲೂ ಭಾಗವಾಗುವ ಸಂಖ್ಯೆ. ಆದ್ದರಿಂದ ಇಂಗ್ಲಿಷಿನ ಟ್ರಿಲಿಯನ್, ಜಪಾನಿಯ ‘ಚೋ’ ಎರಡೂ ಅಲ್ಲಿ ಬೀಳುತ್ತವೆ. ಐದು ಸೊನ್ನೆಯ ಲಕ್ಷಕ್ಕೆ ಏಳು ಸೊನ್ನೆಯ ಕೋಟಿ ಕೂಡಿ ನಮ್ಮ ‘ಲಕ್ಷ ಕೋಟಿ’ಯೂ ಅಲ್ಲಿಗೇ ಬರುತ್ತದೆ.

ಕನ್ನಡ ನಾಡಿನ ದೊಡ್ಡ ಸಂಖ್ಯೆಗಳು

ಪ್ರಾಚೀನ ಕರ್ನಾಟಕದಲ್ಲಿ ಊರು ನಾಡುಗಳ ಹೆಸರಿಗೇ ಸಂಖ್ಯೆ ಅಂಟಿಕೊಂಡಿತ್ತು. ಶಾಸನಗಳಲ್ಲಿ ಬನವಾಸಿ ಹನ್ನೆರಡು ಸಾವಿರ, ನೊಳಂಬವಾಡಿ ಮೂವತ್ತೆರಡು ಸಾವಿರ, ಗಂಗವಾಡಿ ತೊಂಬತ್ತಾರು ಸಾವಿರ, ಬೆಳ್ವೊಲ ಮುನ್ನೂರು, ಪುಲಿಗೆರೆ ಮುನ್ನೂರು ಎಂದೇ ಬರುತ್ತದೆ. ತಮಿಳು ನಾಡಿನ ಚೋಳ ಶಾಸನಗಳು ರಾಷ್ಟ್ರಕೂಟ ಮತ್ತು ಚಾಲುಕ್ಯರ ನೆಲವನ್ನು ‘ಇರಟ್ಟಪಾಡಿ ಏಳರೈ ಇಲಕ್ಕಂ’, ಅಂದರೆ ರಟ್ಟಪಾಡಿ ಏಳೂವರೆ ಲಕ್ಷ ಎಂದು ಕರೆದವು. ಈ ಅಂಕಿಗಳು ಹಳ್ಳಿಗಳ ಲೆಕ್ಕವೋ, ಕಂದಾಯದ ಲೆಕ್ಕವೋ, ಭೂಮಿಯ ಲೆಕ್ಕವೋ ಎಂದು ಇತಿಹಾಸಕಾರರು ಬಹಳ ಕಾಲದಿಂದ ಚರ್ಚಿಸಿದ್ದಾರೆ. ದೊಡ್ಡ ನಾಡುಗಳ ವಿಷಯದಲ್ಲಿ ಹಳ್ಳಿಗಳ ಲೆಕ್ಕ ಎಂಬ ವಾದ ನಿಲ್ಲುವುದಿಲ್ಲ. ಇಂದಿನ ಇಡೀ ಕರ್ನಾಟಕದಲ್ಲಿ ಮೂವತ್ತು ಸಾವಿರ ಹಳ್ಳಿಗಳಿಲ್ಲ, ಅದರ ದಕ್ಷಿಣ ಭಾಗವಾದ ಗಂಗವಾಡಿಯೊಂದರಲ್ಲೇ ತೊಂಬತ್ತಾರು ಸಾವಿರ ಎಲ್ಲಿಂದ ಬಂದೀತು? ಜೈನ ಪುರಾಣಗಳಲ್ಲಿ ಚಕ್ರವರ್ತಿಗೆ ತೊಂಬತ್ತಾರು ಸಾವಿರ ರಾಣಿಯರು. ಶರಣರ ಕಥೆಗಳಲ್ಲಿ ಕಲ್ಯಾಣದ ಜಂಗಮರು ಒಂದು ಲಕ್ಷದ ತೊಂಬತ್ತಾರು ಸಾವಿರ. ತೊಂಬತ್ತಾರು ಸಾವಿರ ಎಂಬುದು ಎಣಿಸಿ ಬಂದದ್ದಕ್ಕಿಂತ ವೈಭವಕ್ಕೆ ಒಪ್ಪುವ ಅಂಕಿಯಾಗಿತ್ತು ಎಂದು ಊಹಿಸಲು ಇಷ್ಟು ಸಾಕು.

ಇನ್ನೊಂದು ಕಡೆ, ಎಣಿಸಿಯೇ ತೀರುತ್ತೇನೆಂದು ಹೊರಟವರೂ ಇಲ್ಲೇ ಇದ್ದರು. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಮಹಾವೀರಾಚಾರ್ಯ ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ಬರೆದ. ಅದರಲ್ಲಿ ಇಪ್ಪತ್ತನಾಲ್ಕು ಸ್ಥಾನಗಳಿಗೆ ಹೆಸರಿದೆ. ಏಕ, ದಶ, ಶತ, ಸಹಸ್ರ, ದಶಸಹಸ್ರ, ಲಕ್ಷ, ದಶಲಕ್ಷ, ಕೋಟಿ, ದಶಕೋಟಿ, ಶತಕೋಟಿ, ಆಮೇಲೆ ಅರ್ಬುದ, ನ್ಯರ್ಬುದ, ಖರ್ವ, ಮಹಾಖರ್ವ, ಪದ್ಮ, ಮಹಾಪದ್ಮ, ಹೀಗೆ ಕ್ಷೋಣಿ, ಶಂಖ, ಕ್ಷಿತಿಗಳನ್ನು ಹಾದು ಕ್ಷೋಭ, ಮಹಾಕ್ಷೋಭಕ್ಕೆ ನಿಲ್ಲುತ್ತದೆ. ಮಹಾಕ್ಷೋಭ ಎಂದರೆ ಒಂದರ ಮುಂದೆ ಇಪ್ಪತ್ತಮೂರು ಸೊನ್ನೆ. ಈ ಪುಸ್ತಕ ಅಚ್ಚಾಗಿ ಜಗತ್ತಿಗೆ ಸಿಕ್ಕಿದ್ದು ಮದರಾಸಿನಿಂದ. ಅಲ್ಲಿನ ಪ್ರೆಸಿಡೆನ್ಸಿ ಕಾಲೇಜಿನ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಂದಿಗೆ ಸಂಪಾದಿಸಿದ ಆವೃತ್ತಿಯನ್ನು 1912ರಲ್ಲಿ ಮದರಾಸು ಸರ್ಕಾರಿ ಮುದ್ರಣಾಲಯ ಹೊರತಂದಿತು. ಕನ್ನಡದಲ್ಲೇ ಗಣಿತ ಬರೆದ ಮೊದಲಿಗ ಹನ್ನೆರಡನೆಯ ಶತಮಾನದ ರಾಜಾದಿತ್ಯ, ಅವನ ‘ವ್ಯವಹಾರಗಣಿತ’ ಹೆಸರೇ ಹೇಳುವಂತೆ ಅಂಗಡಿ, ಹೊಲ, ಬಡ್ಡಿಯ ಲೆಕ್ಕಕ್ಕೆ ಹತ್ತಿರ.

ಮಹಾವೀರನ ಪಟ್ಟಿಯಲ್ಲಿ ಇಂದಿನ ಕನ್ನಡ ಇಟ್ಟುಕೊಂಡದ್ದು ಕೋಟಿಯವರೆಗಿನದನ್ನು ಮತ್ತು ಶತಕೋಟಿಯನ್ನು. ಉಳಿದವು ಬಿದ್ದುಹೋದದ್ದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಅರ್ಬುದ ಎಂಬ ಒಂದೇ ಹೆಸರನ್ನು ನೋಡಿ. ಯಜುರ್ವೇದದ ಪಟ್ಟಿಯಲ್ಲಿ ಅದಕ್ಕೆ ಏಳು ಸೊನ್ನೆ. ಆರ್ಯಭಟನಲ್ಲಿ ಎಂಟು, 1150ರ ಭಾಸ್ಕರಾಚಾರ್ಯನ ‘ಲೀಲಾವತಿ’ಯಲ್ಲೂ ಎಂಟು. ಮಹಾವೀರನಲ್ಲಿ ಹತ್ತು. ಅದರಿಂದಲೇ ಬಂದ ಹಿಂದಿಯ ‘ಅರಬ್’ಗೆ ಒಂಬತ್ತು. ಬೆಲೆ ಇಷ್ಟು ಅತ್ತಿತ್ತ ಆಡುವ ಹೆಸರನ್ನು ವರ್ತಕ ನಂಬುವುದಿಲ್ಲ. ಕನ್ನಡದಲ್ಲಿ ಅರ್ಬುದ ಕಡೆಗೆ ಉಳಿದದ್ದು ಆಯುರ್ವೇದದ ದಾರಿಯಿಂದ, ಕ್ಯಾನ್ಸರ್ ರೋಗದ ಹೆಸರಾಗಿ. ಹತ್ತು ಸಾವಿರಕ್ಕಿದ್ದ ‘ಅಯುತ’ವೂ ಹೋಮಕುಂಡದ ಬಳಿ ಮಾತ್ರ ಬದುಕಿದೆ. 2015ರ ಡಿಸೆಂಬರ್‌ನಲ್ಲಿ ತೆಲಂಗಾಣದ ಮುಖ್ಯಮಂತ್ರಿ ಕೆ. ಚಂದ್ರಶೇಖರ ರಾವ್ ಅಯುತ ಚಂಡೀಯಾಗ ಮಾಡಿಸಿದಾಗ ಎಷ್ಟೋ ಜನ ಆ ಪದವನ್ನು ಮೊದಲ ಸಲ ಕೇಳಿದರು.

ಸಮುದ್ರ ದಾಟಿದ ಹೆಸರುಗಳ ಪಾಡು ಇನ್ನೂ ವಿಚಿತ್ರ. ಮಲಯ ಮತ್ತು ಇಂಡೋನೇಷ್ಯಾ ಭಾಷೆಗಳಲ್ಲಿ ‘ಲಕ್ಸ’ ಎಂದರೆ ಹತ್ತು ಸಾವಿರ. ಕೋಟಿಯಿಂದ ಬಂದ ‘ಕೆತಿ’ ಬರೀ ಲಕ್ಷಕ್ಕೆ ಇಳಿದಿದೆ. ಅಯುತದಿಂದ ಬಂದ ‘ಜುತ’ ಮಾತ್ರ ಹತ್ತು ಲಕ್ಷಕ್ಕೆ ಏರಿ ಇಂದಿಗೂ ಅಲ್ಲಿನ ಸಂತೆಯಲ್ಲಿ ಓಡಾಡುತ್ತಿದೆ.

ಎಣಿಸಿ ಮುಟ್ಟುವ ಲಕ್ಷ

ಲಕ್ಷ, ಕೋಟಿ ಎಂದರೆ ನಮ್ಮವರಿಗೆ ಕೇವಲ ಬಾಯಿಮಾತಲ್ಲ, ಕೈಯಲ್ಲಿ ಎಣಿಸಿ ಮುಟ್ಟಿದ ಸಂಖ್ಯೆ. ಚಾತುರ್ಮಾಸದಲ್ಲಿ ಲಕ್ಷಬತ್ತಿಯ ವ್ರತ ಹಿಡಿದ ಹೆಂಗಸರು ಹತ್ತಿ ಬಿಡಿಸಿ, ಹೊಸೆದು, ನೂರರ ಕಟ್ಟು ಸಾವಿರದ ಕಟ್ಟು ಮಾಡಿ ಡಬ್ಬಿಯಲ್ಲಿಟ್ಟುಕೊಂಡು ತಿಂಗಳುಗಟ್ಟಲೆ ಕೂರುತ್ತಾರೆ. ಧರ್ಮಸ್ಥಳದ ಲಕ್ಷದೀಪೋತ್ಸವ, ಶಿವನಿಗೆ ಲಕ್ಷ ಬಿಲ್ವಾರ್ಚನೆ, ಕೋಲಾರ ಜಿಲ್ಲೆಯ ಕಮ್ಮಸಂದ್ರದ ಕೋಟಿಲಿಂಗೇಶ್ವರ, ಎಲ್ಲವೂ ಇದೇ ಹಂಬಲದವು.

ಇದರಲ್ಲಿ ರಾಮಕೋಟಿ ಬರೆಯುವವರ ಪುಸ್ತಕವನ್ನು ತೆರೆದು ನೋಡಬೇಕು. ಸಣ್ಣ ಸಣ್ಣ ಮನೆಗಳು ಗೆರೆ ಹೊಡೆದು ಅಚ್ಚಾದ ಹಾಳೆ, ಒಂದೊಂದು ಮನೆಗೆ ಒಂದೊಂದು ಬಾರಿ ರಾಮನಾಮ. ಬರೆಯುವವರು ಹೆಚ್ಚಾಗಿ ನಿವೃತ್ತರು, ಅಜ್ಜಿಯಂದಿರು. ಮೊದಲ ಪುಟಗಳಲ್ಲಿ ಅಕ್ಷರ ದುಂಡಗೆ, ನಡುವೆ ಅವಸರ, ಕೆಲವು ಕಡೆ ಶಾಯಿ ಬದಲು, ಕೈ ಬದಲು. ಮೊಮ್ಮಗು ನಾಲ್ಕು ಸಾಲು ಬರೆದುಕೊಟ್ಟದ್ದು ಗೊತ್ತಾಗಿಯೇ ಆಗುತ್ತದೆ. ಪುಟಕ್ಕೆ ನೂರು ಮನೆ ಎಂದು ಹಿಡಿದರೂ ಲಕ್ಷಕ್ಕೆ ಸಾವಿರ ಪುಟ, ಕೋಟಿಗೆ ಲಕ್ಷ ಪುಟ. ದಿನಕ್ಕೆ ಸಾವಿರ ಬರೆದರೂ ಕೋಟಿ ಮುಗಿಯಲು ಇಪ್ಪತ್ತೇಳು ವರ್ಷ ದಾಟುತ್ತದೆ. ಚೆನ್ನೈನಲ್ಲಿ ಇದೇ ಪದ್ಧತಿ ‘ಶ್ರೀರಾಮಜಯಂ’ ಬರೆಯುವುದಾಗಿ ಇದೆ, ಬರೆದ ಕಾಗದಗಳನ್ನು ಮಡಿಸಿ ಮಾಲೆ ಕಟ್ಟಿ ಆಂಜನೇಯನಿಗೆ ಹಾಕುತ್ತಾರೆ. ಕೋಟಿ ಎಂದರೆ ಎಷ್ಟು ಎಂದು ಮೈಗೆ ತಿಳಿದವರು ಹಣಕಾಸು ಇಲಾಖೆಯವರಿಗಿಂತ ಇವರೇ ಇರಬೇಕು.

ಪುರಂದರದಾಸರು ನಾಲ್ಕು ಲಕ್ಷದ ಎಪ್ಪತ್ತೈದು ಸಾವಿರ ಕೀರ್ತನೆ ಹಾಡಿದರೆಂಬ ಸಂಪ್ರದಾಯದ ಮಾತು, ಎಂಬತ್ತನಾಲ್ಕು ಲಕ್ಷ ಜೀವರಾಶಿ, ಮೂವತ್ತಮೂರು ಕೋಟಿ ದೇವತೆಗಳು, ಇವು ಎಣಿಕೆಯ ಈಚೆ ದಡದವೋ ಆಚೆ ದಡದವೋ ಹೇಳುವುದು ಕಷ್ಟ.

ಜಪಾನಿ

ಜಪಾನಿಯಲ್ಲಿ ಹತ್ತು ‘ಜೂ’, ನೂರು ‘ಹ್ಯಾಕು’, ಸಾವಿರ ‘ಸೆನ್’, ಹತ್ತು ಸಾವಿರ ‘ಮಾನ್’. ಚೀನಾದಿಂದ ಬಂದ ಈ ಮಾನ್ ಎಂಬುದೇ ಅಲ್ಲಿನ ಮುಖ್ಯ ಮೆಟ್ಟಿಲು. ನಮ್ಮ ಒಂದು ಲಕ್ಷ ಅವರಿಗೆ ಹತ್ತು ಮಾನ್, ಹತ್ತು ಲಕ್ಷ ನೂರು ಮಾನ್. ಮಾನ್‌ಗಳು ಹತ್ತು ಸಾವಿರ ಆದರೆ ಒಂದು ‘ಓಕು’, ಅಂದರೆ ಹತ್ತು ಕೋಟಿ. ಓಕುಗಳು ಹತ್ತು ಸಾವಿರ ಆದರೆ ‘ಚೋ’, ಅಲ್ಲಿಂದ ‘ಕೇ’, ‘ಗಾಯ್’ ಎಂದು ಮೇಲೆ ಹೋಗುತ್ತದೆ.

ಈ ಏಣಿಯ ತುದಿಯಲ್ಲಿ ನಮಗೆ ಪರಿಚಯದ ಮುಖಗಳು ಎದುರಾಗುತ್ತವೆ. 1627ರಲ್ಲಿ ಯೋಶಿದಾ ಮಿತ್ಸುಯೋಶಿ ಬರೆದ ‘ಜಿಂಕೋಕಿ’ ಜಪಾನಿನ ಮನೆಮನೆಗೆ ಮಣಿಚೌಕಟ್ಟಿನ ಲೆಕ್ಕ ಕಲಿಸಿದ ಪುಸ್ತಕ. ಅದರ ಆವೃತ್ತಿಗಳಿಂದ ಪ್ರಚಾರಕ್ಕೆ ಬಂದ ದೊಡ್ಡ ಸಂಖ್ಯೆಗಳ ಪಟ್ಟಿಯ ಕೊನೆಯ ಐದು ಹೆಸರುಗಳು ಬೌದ್ಧ ಗ್ರಂಥಗಳಿಂದ ಬಂದವು. ‘ಗೋಗಶಾ’ ಎಂದರೆ ಗಂಗಾನದಿಯ ಮರಳು. ‘ಅಸೋಗಿ’ ಸಂಸ್ಕೃತದ ಅಸಂಖ್ಯ, ‘ನಯುತ’ ನಮ್ಮ ನಯುತವೇ. ‘ಫುಕಶಿಗಿ’ ಅಚಿಂತ್ಯ, ಕಡೆಯದಾದ ‘ಮುರ್ಯೋತಾಯ್‌ಸೂ’ ಎಂದರೆ ಅಳತೆಗೆ ಸಿಗದ ಮಹಾಸಂಖ್ಯೆ. ಇಂದು ಚಾಲ್ತಿಯಲ್ಲಿರುವ ಲೆಕ್ಕದಲ್ಲಿ ಗಂಗೆಯ ಮರಳಿಗೆ 52 ಸೊನ್ನೆ, ನಯುತಕ್ಕೆ 60, ಕಡೆಯದಕ್ಕೆ 68. ಬುದ್ಧನ ಜೀವನ ಹೇಳುವ ‘ಲಲಿತವಿಸ್ತರ’ದಲ್ಲಿ ತರುಣ ಸಿದ್ಧಾರ್ಥ ಕೋಟಿಯಿಂದ ಮೇಲೆ ನೂರು ನೂರರಷ್ಟು ಹೆಚ್ಚಿಸುತ್ತಾ 53 ಸೊನ್ನೆಯ ತಲ್ಲಕ್ಷಣದವರೆಗೆ ಎಣಿಸುತ್ತಾನೆ. ಆ ಎಣಿಕೆಯ ಚಪಲ ಚೀನಾದ ಅನುವಾದಗಳ ಮೂಲಕ ಕ್ಯೋಟೋ ತಲುಪಿತು.

ನಾವು ಮರೆತ ಮೇಲಿನ ಹೆಸರುಗಳನ್ನು ಜಪಾನೀಯರು ಮರೆತಿಲ್ಲ. ಕೋಬೆಯಲ್ಲಿ ರಿಕೆನ್ ಸಂಸ್ಥೆ ಕಟ್ಟಿಸಿದ, 2011ರಲ್ಲಿ ಜಗತ್ತಿನ ಅತಿ ವೇಗದ ಯಂತ್ರವೆನಿಸಿದ ಮಹಾಗಣಕದ ಹೆಸರು ‘ಕೇ’. ಸೆಕೆಂಡಿಗೆ ಒಂದು ಕೇ ಲೆಕ್ಕ ಮಾಡಬೇಕೆಂಬುದು ಗುರಿ, ಅದು ಹದಿನಾರು ಸೊನ್ನೆಯ ಸಂಖ್ಯೆ. ಕನ್ನಡದಲ್ಲಿ ಅದನ್ನು ನೂರು ಕೋಟಿ ಕೋಟಿ ಎನ್ನಬೇಕಾಗುತ್ತದೆ. ಮಹಾವೀರನನ್ನು ಕೇಳಿದರೆ ‘ಕ್ಷೋಣಿ’ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದ.

ಇಂಗ್ಲಿಷ್

ಇಂಗ್ಲಿಷಿನ ಮಿಲಿಯನ್ ಇಟಲಿಯಿಂದ ಬಂತು, ‘ದೊಡ್ಡ ಸಾವಿರ’ ಎಂಬುದು ಮೂಲಾರ್ಥ. ಗ್ರೀಕರಲ್ಲಿ ಹತ್ತು ಸಾವಿರಕ್ಕೆ ಇದ್ದ ‘ಮಿರಿಯಡ್’ ಇಂಗ್ಲಿಷಿನಲ್ಲಿ ಎಣಿಕೆಯಿಂದ ಜಾರಿ ‘ಅಸಂಖ್ಯ’ ಎಂಬ ಅರ್ಥದಲ್ಲಿ ಉಳಿಯಿತು. ಬಿಲಿಯನ್, ಟ್ರಿಲಿಯನ್‌ಗಳನ್ನು 1484ರಲ್ಲಿ ಫ್ರಾನ್ಸಿನ ನಿಕೊಲಾ ಶೂಕೆ ತನ್ನ ಹಸ್ತಪ್ರತಿಯಲ್ಲಿ ಬಳಸಿದ್ದ. ಅವನ ಲೆಕ್ಕದಲ್ಲಿ ಬಿಲಿಯನ್ ಎಂದರೆ ಮಿಲಿಯನ್ನಿನ ಮಿಲಿಯನ್. ಬ್ರಿಟಿಷರೂ ಅದನ್ನೇ ಹಿಡಿದಿದ್ದರು, ಅಮೆರಿಕದವರು ಸಾವಿರ ಮಿಲಿಯನ್ನಿಗೇ ಬಿಲಿಯನ್ ಎನ್ನುತ್ತಿದ್ದರು. ಒಂದೇ ಪದ ಅಟ್ಲಾಂಟಿಕ್ಕಿನ ಆಚೆ ನೂರು ಕೋಟಿ, ಈಚೆ ಲಕ್ಷ ಕೋಟಿ. 1974ರಲ್ಲಿ ಬ್ರಿಟಿಷ್ ಸರ್ಕಾರ ಅಮೆರಿಕದ ಲೆಕ್ಕವನ್ನು ಒಪ್ಪಿಕೊಂಡಿತು. ಅದಕ್ಕೂ ಮುಂಚಿನ ಬ್ರಿಟಿಷ್ ಪುಸ್ತಕಗಳನ್ನು ಕನ್ನಡಕ್ಕೆ ತರುವವರು ಬಿಲಿಯನ್ ಕಂಡಲ್ಲಿ ಒಮ್ಮೆ ನಿಂತು ಯೋಚಿಸಬೇಕು.

ಭಾರತದ ಇಂಗ್ಲಿಷ್ ಇದರಿಂದ ಪಾರಾದದ್ದು ಲಕ್ಷ, ಕೋಟಿಗಳನ್ನು ಬಿಡದೆ. 1886ರಲ್ಲಿ ಹೆನ್ರಿ ಯೂಲ್ ಜೊತೆ ‘ಹಾಬ್ಸನ್–ಜಾಬ್ಸನ್’ ಕೋಶ ಮಾಡಿದ ಎ. ಸಿ. ಬರ್ನೆಲ್ ಮದರಾಸು ಸಿವಿಲ್ ಸರ್ವಿಸಿನವರು, ಆ ಕೋಶದಲ್ಲಿ ಈ ಎರಡಕ್ಕೂ ಜಾಗವಿದೆ.

ಇಂಗ್ಲಿಷಿಗೆ ಲೆಕ್ಕಕ್ಕಿಲ್ಲದ ಸಂಖ್ಯೆಗಳನ್ನು ಹುಟ್ಟಿಸುವ ಚಾಳಿಯೂ ಇದೆ. ಜಿಲಿಯನ್, ಜಿಲಿಯನ್ನಿನ ಅಪ್ಪ ಗಜಿಲಿಯನ್ ಎಂದರೆ ಬಾಯಿಗೆ ಬಂದಷ್ಟು, ಸೊನ್ನೆ ಎಣಿಸುವಂತಿಲ್ಲ. ಇದಕ್ಕೆ ಎದುರಾಗಿ ‘ಗೂಗಲ್’ ಎಂಬುದಕ್ಕೆ ಖಚಿತವಾಗಿ ನೂರು ಸೊನ್ನೆ. ಗಣಿತಜ್ಞ ಎಡ್ವರ್ಡ್ ಕಾಸ್ನರ್ ಅದಕ್ಕೆ ಹೆಸರು ಕೇಳಿದಾಗ ಹೇಳಿಕೊಟ್ಟದ್ದು ಒಂಬತ್ತು ವರ್ಷದ ಅವರ ಸೋದರಳಿಯ ಮಿಲ್ಟನ್ ಸಿರೋಟಾ. 1940ರ ಪುಸ್ತಕದಿಂದ ಆ ಹೆಸರು ಹರಡಿತು. ಆಮೇಲೆ ಕಾಗುಣಿತ ತುಸು ಬದಲಾಗಿ ಒಂದು ಕಂಪನಿಯ ಹೆಸರಾದದ್ದು ಎಲ್ಲರಿಗೂ ಗೊತ್ತು.

ನುಡಿಗಟ್ಟುಗಳಲ್ಲಿ ಸಂಖ್ಯೆ

ಅಪರೂಪದ ಮನುಷ್ಯನನ್ನು ಹೊಗಳುವಾಗ ಪ್ರತಿ ಭಾಷೆ ತಾನು ಕಡಿಯುವ ಜಾಗದಿಂದಲೇ ಸಂಖ್ಯೆ ಎತ್ತಿಕೊಳ್ಳುತ್ತದೆ. ತಮಿಳರಿಗೆ ‘ಆಯಿರತ್ತಿಲ್ ಒರುವನ್’, ಸಾವಿರದಲ್ಲಿ ಒಬ್ಬ. 1965ರ ಎಂಜಿಆರ್ ಚಿತ್ರದ ಹೆಸರೂ ಅದೇ. ಇಂಗ್ಲಿಷಿನವರಿಗೆ ಮಿಲಿಯನ್ನಿಗೊಬ್ಬ. ಕನ್ನಡದಲ್ಲಿ ಲಕ್ಷಕ್ಕೊಬ್ಬ ಎನ್ನುತ್ತಿದ್ದೆವು, 2001ರ ವಿಷ್ಣುವರ್ಧನ್ ಚಿತ್ರದ ಹೊತ್ತಿಗೆ ಕೋಟಿಗೊಬ್ಬನಾದ. ಜಪಾನಿಯ ‘ಮಾನ್ ಗಾ ಇಚಿ’, ಅಂದರೆ ಹತ್ತು ಸಾವಿರದಲ್ಲೊಂದು ಎಂಬುದಕ್ಕೆ ಮಾತ್ರ ಹೊಗಳಿಕೆಯ ಧಾಟಿಯಿಲ್ಲ. ‘ಅಕಸ್ಮಾತ್ ಏನಾದರೂ ಆದರೆ’ ಎಂದು ವಿಮೆಯವರು, ಅಗ್ನಿಶಾಮಕದವರು ಹೇಳುವ ಮಾತದು.

ಸುಳ್ಳಿಗೂ ದರವಿದೆ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂದು ನಮ್ಮಲ್ಲಿ ಗಾದೆ, ತಮಿಳಿನಲ್ಲೂ ಸುಳ್ಳು ಸಾವಿರವೇ. ಜಪಾನಿಯಲ್ಲಿ ಶುದ್ಧ ಸುಳ್ಳಿಗೆ ‘ಉಸೋ ಹಪ್ಪ್ಯಾಕು’, ಸುಳ್ಳು ಎಂಟುನೂರು. ಎಂಟುನೂರು ಅಲ್ಲಿ ‘ಬೇಕಾದಷ್ಟು’ ಎಂಬುದಕ್ಕೆ ಹಳೆಯ ಮಾತು, ತರಕಾರಿ ಅಂಗಡಿಯನ್ನೂ ಎಂಟುನೂರರ ಅಂಗಡಿ ಎಂದೇ ಬರೆಯುತ್ತಾರೆ. ಅವರ ಶಿಂತೋ ದೇವತೆಗಳು ಎಂಟುನೂರು ಮಾನ್, ಅಂದರೆ ಎಂಬತ್ತು ಲಕ್ಷ. ನಮ್ಮ ಮೂವತ್ತಮೂರು ಕೋಟಿಯ ಮುಂದೆ ಅದು ಸಣ್ಣ ಸಂಸಾರ.

ನೂರೆಂಟು ಜಪಮಾಲೆಯಲ್ಲಿ ಪವಿತ್ರ, ಆದರೆ ಕನ್ನಡದ ಆಡುಮಾತಿನಲ್ಲಿ ನೂರೆಂಟು ತಾಪತ್ರಯ, ನೂರೆಂಟು ನೆಪ. ಜಪಾನಿನ ಬೌದ್ಧ ದೇವಾಲಯಗಳಲ್ಲಿ ವರ್ಷದ ಕೊನೆಯ ರಾತ್ರಿ ಗಂಟೆಯನ್ನು ನೂರೆಂಟು ಸಲ ಹೊಡೆಯುತ್ತಾರೆ, ಮನುಷ್ಯನ ಕ್ಲೇಶಗಳು ನೂರೆಂಟು ಎಂಬ ನಂಬಿಕೆಯಿಂದ. ಅಲ್ಲೂ ನೂರೆಂಟು ತಾಪತ್ರಯವೇ. ಇನ್ನೊಂದು ಜಪಾನಿ ಮಾತು ‘ಒಕ್ಕೂ’. ಹುಟ್ಟಿದಾಗ ಅದರ ಅರ್ಥ ಓಕು ಕಲ್ಪಗಳು, ಹತ್ತು ಕೋಟಿ ಕಲ್ಪಗಳ ಕಾಲ. ಇಂದು ಮಳೆಯಲ್ಲಿ ಅಂಗಡಿಗೆ ಹೋಗಲು ಬೇಸರವಾದವನು ‘ಒಕ್ಕೂ’ ಎಂದು ಗೊಣಗುತ್ತಾನೆ. ಬ್ರಹ್ಮನ ದಿನದ ಅಳತೆ ಸೋಮಾರಿಯ ನಿಟ್ಟುಸಿರಿಗೆ ಬಂದು ನಿಂತ ಉದಾಹರಣೆ ಬೇರೊಂದು ಸಿಗಲಾರದು.

ಕನ್ನಡದ ಅಂದಾಜು ಸಂಖ್ಯೆಗಳಲ್ಲಿ ಗಮನಿಸಬೇಕಾದ ಒಂದು ಗಡಿಯಿದೆ. ಹತ್ತಾರು, ನೂರಾರು, ಸಾವಿರಾರು ಎನ್ನುತ್ತೇವೆ. ಲಕ್ಷಕ್ಕೆ ಬಂದೊಡನೆ ‘ಆರು’ ನಿಂತು ಲಕ್ಷಾಂತರ, ಕೋಟ್ಯಂತರ ಎಂಬ ಸಂಸ್ಕೃತದ ಸಮಾಸ ಶುರುವಾಗುತ್ತದೆ. ಸಾವಿರ ಎರವಲು ಪದವಾದರೂ ಮನೆಯ ಮಗನಾಗಿದೆ, ಲಕ್ಷ ಇನ್ನೂ ನೆಂಟ.

ಹಣದ ಮಾತಿನಲ್ಲಿ ನುಡಿಗಟ್ಟುಗಳು ಬೇಗ ಹಳಸುತ್ತವೆ. ಲಕ್ಷಾಧೀಶ ಎಂದರೆ ಸಿರಿವಂತ ಎಂಬ ಕಾಲ ಹೋಯಿತು, ಈಗ ಕೋಟ್ಯಧಿಪತಿ, ಶತಕೋಟ್ಯಧಿಪತಿ. ಮುಂಬೈನ ಕಳ್ಳವ್ಯಾಪಾರದ ‘ಪೇಟಿ’ (ಲಕ್ಷ) ಮತ್ತು ‘ಖೋಖಾ’ (ಕೋಟಿ) ಸಿನಿಮಾಗಳ ಮೂಲಕ ದಕ್ಷಿಣಕ್ಕೂ ಬಂದವು. ಅಣ್ಣಾ ನಗರ್‌ನಲ್ಲಿ ಒಂದು ‘ಗ್ರೌಂಡ್’ ಜಾಗ, ಅಂದರೆ ಮದರಾಸಿನ ಹಳೆಯ ಅಳತೆಯ 2,400 ಚದರಡಿ, ಕೊಳ್ಳುವ ಮಾತು ಎಷ್ಟೋ ಕಾಲದಿಂದ ಕೋಡಿಯಲ್ಲೇ ನಡೆಯುತ್ತದೆ. ಟೋಕಿಯೋದಲ್ಲಿ ಇಂಥದ್ದಕ್ಕೊಂದು ಚುರುಕಾದ ಪದವಿದೆ. ಅಪಾರ್ಟ್‌ಮೆಂಟಿಗೆ ಜಪಾನಿಯಲ್ಲಿ ‘ಮಾನ್‌ಷೋನ್’ ಎನ್ನುತ್ತಾರೆ, ಇಂಗ್ಲಿಷಿನ ಮ್ಯಾನ್ಷನ್ ಅದು. ಬೆಲೆ ಒಂದು ಓಕು ಯೆನ್ ದಾಟಿದಾಗ ಅದರ ಮೊದಲ ‘ಮಾನ್’ ಅನ್ನು ಹತ್ತು ಸಾವಿರವೆಂದು ಹಿಡಿದು ಕಿತ್ತುಹಾಕಿ, ಆ ಜಾಗದಲ್ಲಿ ಓಕು ಕೂರಿಸಿ ‘ಓಕುಷೋನ್’ ಮಾಡಿದರು.

1998ರಲ್ಲಿ ಬ್ರಿಟನ್ನಿನಲ್ಲಿ ಶುರುವಾದ ಮಿಲಿಯನೇರ್ ರಸಪ್ರಶ್ನೆಯ ಬಹುಮಾನ ಹತ್ತು ಲಕ್ಷ ಪೌಂಡ್. 2000ದಲ್ಲಿ ಅದು ಹಿಂದಿಗೆ ಬಂದಾಗ ಮಿಲಿಯನೇರ್ ಕರೋಡ್‌ಪತಿಯಾದ, ಮೊತ್ತ ಒಂದು ಕೋಟಿ ರೂಪಾಯಿ. 2012ರಲ್ಲಿ ಪುನೀತ್ ರಾಜ್‌ಕುಮಾರ್ ನಡೆಸಿಕೊಟ್ಟ ‘ಕನ್ನಡದ ಕೋಟ್ಯಧಿಪತಿ’, ಅದೇ ವರ್ಷ ಸೂರ್ಯ ನಡೆಸಿದ ತಮಿಳು ಆವೃತ್ತಿ ಎರಡೂ ಹೆಸರಿನಲ್ಲೇ ಕೋಟಿಯನ್ನು ಹೊತ್ತವು. ಜಪಾನಿನವರು ಮಿಲಿಯನೇರ್ ಎಂಬ ಹೆಸರನ್ನು ಹಾಗೆಯೇ ಉಳಿಸಿಕೊಂಡು ಸಾವಿರ ಮಾನ್ ಯೆನ್ ಬಹುಮಾನವಿಟ್ಟರು. ಸೊನ್ನೆ ಎಣಿಸಿದರೆ ಅದೂ ಸರಿಯಾಗಿ ಒಂದು ಕೋಟಿ.

ಲಕ್ಷ ಕೋಟಿ

ಕೋಟಿಯ ಮೇಲೆ ಕನ್ನಡಕ್ಕೆ ಹೊಸ ಹೆಸರು ಬರಲಿಲ್ಲ, ಇದ್ದ ಎರಡನ್ನೇ ಒಂದರ ಮೇಲೊಂದು ಇಟ್ಟುಕೊಂಡಿತು. ‘ಲಕ್ಷ ಕೋಟಿ’ ಜನರ ಬಾಯಿಗೆ ಬಿದ್ದದ್ದು 2010ರಲ್ಲಿ, 2ಜಿ ತರಂಗಾಂತರ ಹಂಚಿಕೆಯಿಂದ 1.76 ಲಕ್ಷ ಕೋಟಿ ರೂಪಾಯಿ ನಷ್ಟವೆಂದು ಮಹಾಲೇಖಪಾಲರ ವರದಿ ಅಂದಾಜು ಮಾಡಿದಾಗ. 2017ರಲ್ಲಿ ವಿಶೇಷ ನ್ಯಾಯಾಲಯ ಆರೋಪಿಗಳನ್ನು ಬಿಡುಗಡೆ ಮಾಡಿತು, ಪದ ಮಾತ್ರ ಉಳಿಯಿತು. 2025–26ರ ಕರ್ನಾಟಕ ಬಜೆಟ್ಟಿನ ಗಾತ್ರ 4,09,549 ಕೋಟಿ. ಅದನ್ನು ನಾಲ್ಕು ಲಕ್ಷ ಕೋಟಿ ಎಂದು ಹೇಳುವಾಗ ಈಗ ಯಾರೂ ತಡವರಿಸುವುದಿಲ್ಲ.

ತಡವರಿಸದಿದ್ದರೂ ಅದರ ಗಾತ್ರ ಮನಸ್ಸಿಗೆ ಹತ್ತಿದೆ ಎನ್ನುವಂತಿಲ್ಲ. ಲಕ್ಷ ಸೆಕೆಂಡು ಕಳೆಯಲು ಒಂದು ದಿನ ಮತ್ತು ನಾಲ್ಕು ಗಂಟೆಯ ಹತ್ತಿರ ಸಾಕು. ಕೋಟಿ ಸೆಕೆಂಡಿಗೆ ನೂರ ಹದಿನಾರು ದಿನ. ಶತಕೋಟಿಗೆ ಮೂವತ್ತೊಂದು ವರ್ಷ ಎಂಟು ತಿಂಗಳು. ಲಕ್ಷ ಕೋಟಿ ಸೆಕೆಂಡು ಹಿಂದೆ ಹೋದರೆ ಸುಮಾರು 31,700 ವರ್ಷ, ಆಗ ಬೇಸಾಯವೇ ಶುರುವಾಗಿರಲಿಲ್ಲ.

ತಮಿಳುನಾಡು ಸರ್ಕಾರ ಒಂದು ಟ್ರಿಲಿಯನ್ ಡಾಲರ್ ಆರ್ಥಿಕತೆಯ ಗುರಿ ಇಟ್ಟುಕೊಂಡಿದೆ. ಇಂಥ ಸುದ್ದಿ ಬರೆಯುವಾಗ ಟ್ರಿಲಿಯನ್, ಬಿಲಿಯನ್‌ಗಳನ್ನು ಹಾಗೆಯೇ ಬಿಟ್ಟು ಮುಂದೆ ಹೋಗುವ ಅಭ್ಯಾಸ ಕನ್ನಡ ಪತ್ರಿಕೆಗಳಲ್ಲಿ ಹೆಚ್ಚುತ್ತಿದೆ. ಮಹಾಪದ್ಮ, ಖರ್ವಗಳನ್ನು ಮತ್ತೆ ಎಬ್ಬಿಸಬೇಕೆಂದು ಯಾರೂ ಕೇಳುತ್ತಿಲ್ಲ, ಅವು ಎದ್ದರೂ ನಡೆಯಲಾರವು. ಮಿಲಿಯನ್ನಿಗೆ ಹತ್ತು ಲಕ್ಷ, ಬಿಲಿಯನ್ನಿಗೆ ಶತಕೋಟಿ ಅಥವಾ ನೂರು ಕೋಟಿ, ಟ್ರಿಲಿಯನ್ನಿಗೆ ಲಕ್ಷ ಕೋಟಿ, ಜಪಾನಿನ ಓಕುವಿಗೆ ಹತ್ತು ಕೋಟಿ ಎಂದು ಸುದ್ದಿಮನೆಯವರು ಬರೆದರೆ ಸಾಕು, ಓದುವವರು ಪತ್ರಿಕೆಯ ಅಂಚಿನಲ್ಲಿ ಸೊನ್ನೆ ಎಣಿಸುತ್ತಾ ಕೂರುವುದು ತಪ್ಪುತ್ತದೆ.